ಹೋದವರು, ತಿರುಗಿ ಬಂದವರು

ನೆಲ್ಯಾಡಿ ದಾಟಿ ಪೆರಿಯಶಾಂತಿಯಲ್ಲಿ ಹೆದ್ದಾರಿ ಬಿಟ್ಟು ಸುಬ್ರಹ್ಮಣ್ಯದ ದಾರಿ ಹಿಡಿದರೆ ಇಚಿಲಂಪಾಡಿ. ಧರ್ಮಸ್ಥಳದ ದರ್ಶನ ಮುಗಿಸಿ ಕುಕ್ಕೆಗೆ ಧಾವಿಸುವ ಯಾತ್ರಿಕರ ಗಾಡಿಗಳು ಇಲ್ಲಿ ನಿಲ್ಲುವುದು ಅಪರೂಪ. ತಗ್ಗಿನಲ್ಲಿ ಅಡಿಕೆ, ಗುಡ್ಡ ಏರಿದರೆ ರಬ್ಬರ್. ಮೊದಲು ಪುತ್ತೂರು ತಾಲೂಕು, ಈಗ ಕಡಬ. ಈ ಸೀಮೆಯ ಕ್ರೈಸ್ತ ಮನೆಯೊಂದರಲ್ಲಿ ಕುಳಿತು “ಮಗ ಎಂತ ಮಾಡ್ತಾನೆ?” ಎಂದು ಕೇಳಿ. “ಸೆಮಿನರಿಯಲ್ಲಿದ್ದಾನೆ” ಎಂಬ ಉತ್ತರ ಬಂದರೆ ಮಾತು ಅಲ್ಲಿಗೆ ಮುಗಿಯುವುದಿಲ್ಲ, ಅಲ್ಲಿಂದ ಶುರುವಾಗುತ್ತದೆ. ಯಾವ ಸಭೆ? ಎಲ್ಲಿಯ ಸೆಮಿನರಿ? ಮದುವೆ ಆಗಬಹುದಾ, ಇಲ್ಲವಾ? ತಾನಾಗಿ ಹೋದದ್ದಾ, ಕಳಿಸಿದ್ದಾ?

ಕೊನೆಯ ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಈ ಬರಹ ಅದರ ಬಗ್ಗೆಯೇ.

ಕಳೆದ ಶತಮಾನದ ನಡುಭಾಗದಲ್ಲಿ ತಿರುವಾಂಕೂರು ಕಡೆಯಿಂದ ಬಂದ ಸಿರಿಯನ್ ಕ್ರೈಸ್ತ ಕುಟುಂಬಗಳು ಕಡಬ, ನೆಲ್ಯಾಡಿ, ಶಿರಾಡಿ, ಕೊಕ್ಕಡದ ಸುತ್ತ ನೆಲೆ ನಿಂತವು. ಕಾಡು ಸವರಿ, ಮರಗೆಣಸು ನೆಟ್ಟು, ಮಲೇರಿಯಾದಲ್ಲಿ ನಡುಗಿ, ಕೊನೆಗೆ ರಬ್ಬರಿನಲ್ಲಿ ಕಾಲೂರಿದವರು ಅವರು. ಬರುವಾಗ ತಮ್ಮ ತಮ್ಮ ಪಳ್ಳಿಗಳನ್ನೂ (ಚರ್ಚುಗಳನ್ನೂ) ಜತೆಗೇ ತಂದರು. ಅಲ್ಲಿ ಬೇರೆ ಬೇರೆಯಾಗಿದ್ದ ಸಭೆಗಳು ಇಲ್ಲೂ ಬೇರೆಯೇ ಉಳಿದವು. ಹಾಗಾಗಿ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂರುವ ಇಬ್ಬರು ಹುಡುಗರಲ್ಲಿ ಒಬ್ಬನ ಬಿಷಪ್ ಬೆಳ್ತಂಗಡಿಯಲ್ಲಿ, ಇನ್ನೊಬ್ಬನವರು ಪುತ್ತೂರಿನಲ್ಲಿ. ಸಿರೋ ಮಲಬಾರ್ ಸಭೆಯ ಬೆಳ್ತಂಗಡಿ ಧರ್ಮಪ್ರಾಂತ ಆದದ್ದು 1999ರಲ್ಲಿ, ಸಿರೋ ಮಲಂಕರ ಸಭೆಯ ಪುತ್ತೂರು ಧರ್ಮಪ್ರಾಂತ 2010ರಲ್ಲಿ. ಅದೇ 2010ರಲ್ಲಿ ಮಲಂಕರ ಆರ್ಥೊಡಾಕ್ಸ್ ಸಭೆಯೂ ಬ್ರಹ್ಮಾವರ ಧರ್ಮಪ್ರಾಂತವನ್ನು ಮಾಡಿಕೊಂಡಿತು. ಕಡಬ ಪೇಟೆಯ ಸಂತ ಜೋಕಿಮರ ಚರ್ಚಿಗೆ ಹೋಗುವ ಕೊಂಕಣಿ ಕಥೋಲಿಕರು 1886ರಿಂದ ಇರುವ ಮಂಗಳೂರು ಧರ್ಮಪ್ರಾಂತದವರು. ಒಂದೇ ಮಳೆ, ಒಂದೇ ಅಡಿಕೆ ಕೊಳೆರೋಗ, ಆದರೆ ಪಾದ್ರಿಯಾಗಬೇಕು ಎಂದುಕೊಂಡ ಹುಡುಗ ತಟ್ಟಬೇಕಾದ ಬಾಗಿಲು ಮಾತ್ರ ಮನೆಮನೆಗೂ ಬೇರೆ.

ಭಾಷೆಯ ತೊಡಕೂ ಉಂಟು. ಇಲ್ಲಿಯ ಮೂರನೇ ತಲೆಮಾರಿನ ಹುಡುಗನಿಗೆ ಮನೆಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ, ಅಂಗಡಿಯಲ್ಲಿ ತುಳು. ಮಲಯಾಳ ಮಾತು ನೀರು ಕುಡಿದಂತೆ ಬರುತ್ತದೆ, ಅಕ್ಷರ ಎಷ್ಟೋ ಮಂದಿಗೆ ಬಾರದು. ಅಂಥವನು 1815ರಲ್ಲಿ ಶುರುವಾದ, ಆರ್ಥೊಡಾಕ್ಸರ ಕೊಟ್ಟಾಯಂನ ‘ಹಳೆಯ ಸೆಮಿನರಿ’ಗೆ ಹೋದರೆ ದೇವಶಾಸ್ತ್ರಕ್ಕಿಂತ ಮೊದಲು ಅಕ್ಷರಮಾಲೆ ಕಲಿಯಬೇಕು, ಆಮೇಲೆ ಸಿರಿಯಾಕ್. ಅಲ್ಲಿಂದ ಅಚ್ಚನ್ (ಪಾದ್ರಿ) ಆಗಿ ಮರಳಿದ ಮೇಲೆ ಕನ್ನಡದಲ್ಲೇ ಯೋಚಿಸುವ ಮಕ್ಕಳಿಗೆ ಧರ್ಮೋಪದೇಶ ಮಾಡಬೇಕು. ದೇವರ ಕರೆ ಬಂದದ್ದು ಯಾವ ಭಾಷೆಯಲ್ಲಿ ಎಂದು ತಮಾಷೆಗೆ ಕೇಳಬಹುದು. ಕೆಲಸ ಮಾಡಬೇಕಾದ ಭಾಷೆ ಯಾವುದು ಎಂಬುದು ತಮಾಷೆಯ ಮಾತಲ್ಲ.

ಕರೆ ಎಂದರೆ ರಾತ್ರಿ ಬೆಳಕು ಕಂಡದ್ದು, ಯಾರೋ ಹೆಸರು ಹಿಡಿದು ಕೂಗಿದ್ದು ಎಂದು ಹೊರಗಿನವರು ಭಾವಿಸುವುದುಂಟು. ಸೆಮಿನರಿಗಳಲ್ಲಿ ಹುಡುಗರನ್ನು ಸಂದರ್ಶನ ಮಾಡುವ ಗುರುಗಳಿಗೆ ಅಂಥ ಕಥೆ ಕೇಳಿದರೆ ಖುಷಿಗಿಂತ ಅನುಮಾನವೇ ಹೆಚ್ಚು. ಬೈಬಲಿನಲ್ಲೂ ಬಾಲಕ ಸಮುವೇಲನಿಗೆ ರಾತ್ರಿ ಕೂಗು ಕೇಳಿಸಿದಾಗ ಅದು ದೇವರದೆಂದು ಅವನಿಗೆ ಗೊತ್ತೇ ಆಗಲಿಲ್ಲ. ಮುದಿ ಗುರು ಏಲಿಯೇ ಕರೆದನೆಂದು ಮತ್ತೆ ಮತ್ತೆ ಎದ್ದು ಓಡಿದ. ಗುರುತು ಹಿಡಿದವನು ಕಣ್ಣು ಮಂಜಾದ ಆ ಏಲಿ. ಅದೂ, ಬಂದ ಸಂದೇಶ ತನ್ನ ಮನೆತನಕ್ಕೇ ಕೇಡಿನದಾಗಿದ್ದಾಗ. ನನಗೆ ಆ ಕಥೆಯಲ್ಲಿ ಹುಡುಗನಿಗಿಂತ ಮುದುಕ ದೊಡ್ಡವನಾಗಿ ಕಾಣುತ್ತಾನೆ.

ಸಭೆಯ ಇತಿಹಾಸದಲ್ಲಿ ಇದಕ್ಕೆ ತದ್ವಿರುದ್ಧವಾದದ್ದೂ ನಡೆದಿದೆ. ಕ್ರಿ.ಶ. 391ರಲ್ಲಿ ಉತ್ತರ ಆಫ್ರಿಕಾದ ಹಿಪ್ಪೊ ಪಟ್ಟಣಕ್ಕೆ ಬೇರೆ ಕೆಲಸದ ಮೇಲೆ ಬಂದಿದ್ದ ಅಗಸ್ಟೀನನನ್ನು ಜನ ಚರ್ಚಿನೊಳಗೇ ಹಿಡಿದು ಬಿಷಪ್ ವಲೇರಿಯಸ್‌ನ ಮುಂದೆ ನಿಲ್ಲಿಸಿದರು. ಅವನು ಅತ್ತ. ದೀಕ್ಷೆ ಆಗಿಯೇ ಹೋಯಿತು. ಪಾದ್ರಿ ಹುದ್ದೆ ಚಿಕ್ಕದಾಯಿತು, ಬಿಷಪ್ ಪಟ್ಟ ಸಿಗಲಿಲ್ಲ ಎಂದು ಅಳುತ್ತಿದ್ದಾನೆ ಎಂದುಕೊಂಡು ಕೆಲವರು ಸಮಾಧಾನ ಹೇಳಿದರಂತೆ. ಅಗಸ್ಟೀನ್ ಮುಂದೆ ಸಂತನೂ ಆದ, ಜಗತ್ತೇ ಓದುವ ಲೇಖಕನೂ ಆದ. ಹಾಗಂತ ಒತ್ತಾಯದ ದೀಕ್ಷೆ ಒಳ್ಳೆಯದು ಎಂದಾಗುವುದಿಲ್ಲ. ಈಗಿನ ಕಥೋಲಿಕ ಕಾನೂನು ಅದನ್ನು ಖಡಾಖಂಡಿತವಾಗಿ ತಡೆಯುತ್ತದೆ. ಮಂಗಳೂರು ಧರ್ಮಪ್ರಾಂತ ಸೇರಿರುವ ಲ್ಯಾಟಿನ್ ಸಭೆಯ 1983ರ ಸಂಹಿತೆಯೂ ಸಿರೋ ಮಲಬಾರ್, ಸಿರೋ ಮಲಂಕರದಂಥ ಪೂರ್ವದ ಸಭೆಗಳ 1990ರ ಸಂಹಿತೆಯೂ ಒಂದೇ ಮಾತು ಹೇಳುತ್ತವೆ: ಯಾವ ರೀತಿಯಲ್ಲೂ, ಯಾವ ಕಾರಣಕ್ಕೂ ಯಾರನ್ನೂ ದೀಕ್ಷೆಗೆ ಬಲವಂತ ಮಾಡುವಂತಿಲ್ಲ, ಯೋಗ್ಯನಾದವನನ್ನು ತಡೆಯುವಂತೆಯೂ ಇಲ್ಲ.

ಈ ನಿಯಮಕ್ಕೆ ಒಂದು ಕಾಗದದ ರೂಪವೂ ಇದೆ. ದೀಕ್ಷೆಗೆ ಮೊದಲು ಅಭ್ಯರ್ಥಿ ತನ್ನ ಬಿಷಪರಿಗೆ ಒಂದು ಪತ್ರ ಕೊಡಬೇಕು. ತಾನು ಸ್ವಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ ಬರುತ್ತಿದ್ದೇನೆ, ಜೀವಮಾನವಿಡೀ ಈ ಸೇವೆಯಲ್ಲಿ ಇರುತ್ತೇನೆ, ನನ್ನನ್ನು ಸೇರಿಸಿಕೊಳ್ಳಿ ಎಂಬ ಒಕ್ಕಣೆ. ಲ್ಯಾಟಿನ್ ಸಂಹಿತೆಯ ಪ್ರಕಾರ ಅದನ್ನು ಅವನೇ ಕೈಯಾರೆ ಬರೆದು ಸಹಿ ಮಾಡಬೇಕು, ಟೈಪು ಮಾಡಿಸಿದ್ದು ನಡೆಯದು. ಎಲ್ಲವೂ ಕಂಪ್ಯೂಟರಿನಲ್ಲಿ ಆಗುವ ಕಾಲದಲ್ಲಿ ಒಬ್ಬ ಯುವಕ ಸೆಮಿನರಿಯ ಕೋಣೆಯಲ್ಲಿ ಕುಳಿತು ಬಿಳಿ ಹಾಳೆಯ ಮೇಲೆ ಪೆನ್ನು ಹಿಡಿದು ಇದನ್ನು ಬರೆಯುತ್ತಾನೆ. ಎಷ್ಟೋ ಮಂದಿ ಒಂದೆರಡು ಹಾಳೆ ಹರಿದು ಹಾಕುತ್ತಾರೆ, ಕಾಗುಣಿತ ತಪ್ಪಿದ್ದಕ್ಕೋ ಇನ್ಯಾವುದಕ್ಕೋ. ತಾನಾಗಿ ಬಂದದ್ದಾ, ಇನ್ಯಾರಾದರೂ ಕಳಿಸಿದ್ದಾ ಎಂಬ ಪ್ರಶ್ನೆಯನ್ನು ಹತ್ತು ವರ್ಷದಲ್ಲಿ ಯಾರೂ ಕೇಳದೆ ಇದ್ದರೂ ಆ ಹಾಳೆ ಕೇಳುತ್ತದೆ.

ಹತ್ತು ವರ್ಷ ಎಂದದ್ದು ಉತ್ಪ್ರೇಕ್ಷೆಯಲ್ಲ. ಕಥೋಲಿಕ ಹುಡುಗ ಹತ್ತನೆಯ ತರಗತಿಯೋ ಪಿಯುಸಿಯೋ ಮುಗಿಸಿ ಕಿರಿಯ ಸೆಮಿನರಿ ಸೇರಿದರೆ ಆಮೇಲೆ ತತ್ತ್ವಶಾಸ್ತ್ರ, ನಡುವೆ ಒಂದು ವರ್ಷ ಯಾವುದಾದರೂ ಚರ್ಚಿನಲ್ಲೋ ಶಾಲೆಯಲ್ಲೋ ಪ್ರಾಯೋಗಿಕ ಸೇವೆ, ಬಳಿಕ ನಾಲ್ಕು ವರ್ಷ ದೇವಶಾಸ್ತ್ರ. ಮಂಗಳೂರಿನ ಜೆಪ್ಪು ಸೆಮಿನರಿ 1879ರಿಂದ ಇದನ್ನೇ ಮಾಡಿಕೊಂಡು ಬಂದಿದೆ. ಲ್ಯಾಟಿನ್ ಸಭೆಯಲ್ಲಿ ಗುರುದೀಕ್ಷೆಗೆ ಕನಿಷ್ಠ 25 ವರ್ಷ ವಯಸ್ಸಾಗಬೇಕು, ಪೂರ್ವ ಸಭೆಗಳಲ್ಲಿ 24. ದೀಕ್ಷೆ ಹತ್ತಿರವಾದಾಗ ಅಭ್ಯರ್ಥಿಯ ಹೆಸರನ್ನು ಅವನ ಊರಿನ ಚರ್ಚಿನಲ್ಲಿ ಪ್ರಕಟಿಸುತ್ತಾರೆ, ಅಡ್ಡಿ ಇದ್ದರೆ ತಿಳಿಸಿ ಎಂದು. ಮದುವೆಯ ಪ್ರಕಟಣೆಯ ಹಾಗೆಯೇ. ದೀಕ್ಷೆಯ ದಿನವೂ ಬಿಷಪರು, ಇವನು ಯೋಗ್ಯನೆಂದು ನಿಮಗೆ ಗೊತ್ತೋ ಎಂದು ಎಲ್ಲರೆದುರು ಕೇಳುತ್ತಾರೆ. ಜನರನ್ನು ವಿಚಾರಿಸಿದ್ದೇವೆ, ಯೋಗ್ಯನೆಂದು ಕಂಡಿದ್ದೇವೆ ಎಂದು ಜವಾಬ್ದಾರರು ಉತ್ತರಿಸುತ್ತಾರೆ. ಜನ ಚಪ್ಪಾಳೆ ತಟ್ಟುತ್ತಾರೆ.

ಆ ವಿಚಾರಣೆ ನಿಜವಾಗಿ ನಡೆಯುತ್ತದೆಯೇ? ನಮ್ಮೂರ ಕಡೆ ದಾಕ್ಷಿಣ್ಯ ಜಾಸ್ತಿ. ಪ್ರಕಟಣೆ ಓದಿದಾಗ ಯಾರೂ ಕೆಮ್ಮುವುದೂ ಇಲ್ಲ. ಪೂಜೆ ಮುಗಿದು ಅಂಗಳಕ್ಕೆ ಬಂದ ಮೇಲೆ “ಆ ಹುಡುಗನಿಗೆ ಸಿಟ್ಟು ಸ್ವಲ್ಪ ಜೋರು ಮಾರಾಯ್ರೆ” ಎಂಬ ಮಾತು ಹೊರಡುತ್ತದೆ. ಹೇಳಬೇಕಾದ ಕಿವಿಗೆ ಅದು ಮುಟ್ಟುವುದಿಲ್ಲ. ಸಭೆ ಊರಿಗೆ ಕೊಟ್ಟಿರುವ ಹಕ್ಕನ್ನು ಊರು ಬಳಸುವುದೇ ಇಲ್ಲ.

ಇನ್ನೊಂದು, ಹರಕೆಯ ಸಂಗತಿ. ಜ್ವರ ಬಂದು ಸಾಯುವ ಹಾಗಿದ್ದ ಮಗು ಬದುಕಿದರೆ ದೇವರ ಸೇವೆಗೆ ಬಿಡುತ್ತೇನೆ ಎಂದು ಹೇಳಿಕೊಂಡ ತಾಯಂದಿರು ಈ ಗುಡ್ಡಗಳಲ್ಲಿ ಇದ್ದರು, ಈಗಲೂ ಇದ್ದಾರೆ. ಆಸ್ಪತ್ರೆ ದೂರವಿದ್ದ ಕಾಲದಲ್ಲಿ ಹೊತ್ತ ಹರಕೆಯನ್ನು ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ತೀರಿಸಬೇಕಾದವನು ಹರಕೆ ಹೊತ್ತವನಲ್ಲ. ಅನುಭವಿ ವಿಕಾರ್‌ಗಳು ಇದನ್ನು ನಾಜೂಕಾಗಿ ನಿಭಾಯಿಸುತ್ತಾರೆ. ಹರಕೆ ನಿಮ್ಮದು, ಅದಕ್ಕೆ ಒಂದು ಪೂಜೆ ಹೇಳಿಸುವ, ಮಗನನ್ನು ಅವನ ಪಾಡಿಗೆ ಬಿಡಿ ಎನ್ನುತ್ತಾರೆ. ಪಾದ್ರಿಗಳ ಕೊರತೆ ಇರುವಾಗ ಹೀಗೆ ಹೇಳಲು ಧೈರ್ಯ ಬೇಕು.

ಆರ್ಥೊಡಾಕ್ಸ್ ಮನೆಯ ಹುಡುಗನಿಗೆ ಲೆಕ್ಕ ಇನ್ನೂ ಸಿಕ್ಕಲು. ಅವರಲ್ಲಿ ಪಾದ್ರಿ ಮದುವೆಯಾಗಬಹುದು, ಆದರೆ ಪಟ್ಟ ಏರಿದ ಮೇಲೆ ಆಗುವಂತಿಲ್ಲ. ಅಂದರೆ ದೇವರ ಸೇವೆಯೂ ಮದುವೆಯೂ ಒಂದೇ ಹೊತ್ತಿಗೆ ತೀರ್ಮಾನವಾಗಬೇಕು. ಮದುವೆ ಬೇಡ ಎಂದವನು ಮುಂದೆ ರಂಬಾನ್ (ಸನ್ಯಾಸಿ), ಬಿಷಪ್ ಆಗಬಹುದು. ಮದುವೆಯಾದ ಪಾದ್ರಿಯ ಹೆಂಡತಿ ತೀರಿಕೊಂಡರೆ ಮತ್ತೆ ಮದುವೆಯಿಲ್ಲ. ಸೆಮಿನರಿಯ ಕೊನೆಯ ವರ್ಷಗಳಲ್ಲಿ ಹುಡುಗಿ ನೋಡುವ ಓಡಾಟ ಶುರುವಾಗುತ್ತದೆ. ಬರುವ ಹುಡುಗಿಗೆ ಗೊತ್ತಿರಬೇಕು, ತಾನು ಮದುವೆಯಾಗುವುದು ಹುಡುಗನೊಬ್ಬನನ್ನಲ್ಲ, ಇಡೀ ಒಂದು ಪಳ್ಳಿಯನ್ನು. ನಾಳೆಯಿಂದ ತಾನು ಎಲ್ಲರ ಕೊಚ್ಚಮ್ಮ, ಸೀರೆಯಿಂದ ಹಿಡಿದು ಸಾರಿನ ಉಪ್ಪಿನವರೆಗೆ ಎಲ್ಲದಕ್ಕೂ ಊರು ಲೆಕ್ಕ ಇಡುತ್ತದೆ.

ಈ ವಿಷಯದಲ್ಲಿ ಪೂರ್ವ ಕಥೋಲಿಕ ಸಂಹಿತೆ ಒಂದು ಸೊಗಸಾದ ಕೆಲಸ ಮಾಡಿದೆ. ವಿವಾಹಿತನಿಗೆ ದೀಕ್ಷೆ ಕೊಡುವುದಾದರೆ ಹೆಂಡತಿಯ ಲಿಖಿತ ಒಪ್ಪಿಗೆ ಇರಲೇಬೇಕು. ಅವಳು ಸಹಿ ಮಾಡದಿದ್ದರೆ ದೀಕ್ಷೆ ಇಲ್ಲ. ಕೇರಳ ಮೂಲದ ಎರಡೂ ಕಥೋಲಿಕ ಸಭೆಗಳಲ್ಲಿ ಬ್ರಹ್ಮಚರ್ಯವೇ ರೂಢಿಯಾದ್ದರಿಂದ ನಮ್ಮ ಕಡೆ ಈ ಕಾಗದ ಕಾಣಸಿಗುವುದು ಕಷ್ಟ. ಆದರೂ ಒಬ್ಬನ ಕರೆಗೆ ಇನ್ನೊಬ್ಬಳ ಒಪ್ಪಿಗೆ ಬೇಕು ಎಂದು ಕಾನೂನು ಒಪ್ಪಿಕೊಂಡಿತಲ್ಲ, ಅದು ದೊಡ್ಡದು.

ಆ ಒಪ್ಪಿಗೆ ಸಿಗದ ಕಥೆಯೊಂದು ಮಂಗಳೂರಿನಲ್ಲೇ ಇದೆ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರಲ್ಲಿ ಹರ್ಮನ್ ಮೋಗ್ಲಿಂಗ್ ನಮಗೆ 1843ರ ‘ಮಂಗಳೂರ ಸಮಾಚಾರ’ದಿಂದ ಪರಿಚಿತ. ಆ ಪತ್ರಿಕೆ ಹೊರಟ ಮರುವರ್ಷ, 1844ರ ಜನವರಿಯಲ್ಲಿ, ಅವನ ಶಿಷ್ಯ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ತರುಣ ದೀಕ್ಷಾಸ್ನಾನ ಪಡೆದ. ಊರಲ್ಲಿ ದೊಡ್ಡ ಗದ್ದಲವಾಯಿತು. ಕುಟುಂಬ ಕೈಬಿಟ್ಟಿತು, ಮಡದಿ ಆತನ ಹಿಂದೆ ಹೋಗಲಿಲ್ಲ. ಕೌಂಡಿನ್ಯ 1846ರಲ್ಲಿ ಮೋಗ್ಲಿಂಗನ ಜತೆ ಯುರೋಪಿಗೆ ಹೊರಟ, ಬಾಸೆಲ್‌ನಲ್ಲಿ ಓದಿದ, 1851ರಲ್ಲಿ ದೀಕ್ಷೆ ಪಡೆದು ಮಂಗಳೂರಿಗೆ ಮರಳಿ ತನ್ನ ನಾಡಿನ ಹುಡುಗರಿಗೆ ಸೆಮಿನರಿಯಲ್ಲಿ ಪಾಠ ಹೇಳಿದ. 1860ರಲ್ಲಿ ಜರ್ಮನ್ ಮಹಿಳೆಯೊಬ್ಬಳನ್ನು ಮದುವೆಯಾದ. ಕೊಡಗಿನ ಆನಂದಪುರದ ಹೆಸರಿನಲ್ಲಿ ಈತನ ನೆನಪು ಬೆರೆತಿದೆ. ಮಿಷನ್ನಿನ ಚರಿತ್ರೆಗಳು ಇದನ್ನು ಗೆಲುವಿನ ಕಥೆಯಾಗಿ ಹೇಳುತ್ತವೆ, ಎದುರು ಪಕ್ಷದವರು ಮನೆ ಮುರಿದ ಕಥೆಯಾಗಿ. ಊರಲ್ಲೇ ಉಳಿದ ಆ ಹೆಣ್ಣುಮಗಳ ಕಡೆಯಿಂದ ಯಾರೂ ಬರೆದದ್ದು ನಾನು ಓದಿಲ್ಲ. ಕೌಂಡಿನ್ಯನ ನಿಷ್ಠೆಯ ಬಗ್ಗೆ ನನಗೆ ಸಂಶಯವಿಲ್ಲ, ಆದರೆ ಅವನಿಗೆ ಬಂದ ಕರೆಗೆ ಬೆಲೆ ತೆತ್ತವರಲ್ಲಿ ಅವನೊಬ್ಬನೇ ಇರಲಿಲ್ಲ.

ಹೋಗಬೇಕೆಂದುಕೊಂಡ ಕಡೆಗೆ ಕಳಿಸದೆ ಬೇರೆ ಕಡೆ ಅಟ್ಟಿದ್ದೂ ಉಂಟು. ಗೋವೆಯ ಜೋಸೆಫ್ ವಾಜ್ ಪಾದ್ರಿಗೆ ಮನಸ್ಸಿದ್ದದ್ದು ಸಿಲೋನಿನಲ್ಲಿ. ಮೇಲಿನವರು 1681ರಲ್ಲಿ ಕೆನರಾಕ್ಕೆ ಹಾಕಿದರು. ಬಂದು ಇಲ್ಲಿಯ ಕೆಲಸ ಮಾಡಿದರು, ಗೋವೆಗೆ ಹಿಂದಿರುಗಿದರು, 1687ರಲ್ಲಿ ಡಚ್ಚರ ಕಣ್ಣು ತಪ್ಪಿಸಿ ಕೂಲಿಯಾಳಿನ ವೇಷದಲ್ಲಿ ಸಿಲೋನ್ ಸೇರಿದರು. 2015ರಲ್ಲಿ ಸಂತ ಪದವಿ ಸಿಕ್ಕಿತು. ಮುಡಿಪು ಬೆಟ್ಟದಲ್ಲಿ ಅವರ ಹೆಸರಿನ ಕ್ಷೇತ್ರವಿದೆ.

ಇಷ್ಟೆಲ್ಲ ಹುಡುಗರ ಮಾತಾಯಿತು. ಅದೇ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತ ಹುಡುಗಿಗೂ ಅದೇ ಹಂಬಲ ಬಂದರೆ? ಅವಳು ಸಿ.ಎಸ್.ಐ., ಅಂದರೆ ದಕ್ಷಿಣ ಭಾರತ ಸಭೆಯವಳಾದರೆ ದಾರಿ ಇದೆ. 1947ರಲ್ಲಿ ಕೂಡಿ ಬಂದ ಆ ಸಭೆ 1976ರಿಂದ ಸ್ತ್ರೀಯರಿಗೆ ದೀಕ್ಷೆ ಕೊಡುತ್ತಿದೆ. 2013ರಲ್ಲಿ ಪುಷ್ಪಲಲಿತಾ ಅವರು ಆಂಧ್ರದ ನಂದ್ಯಾಲದ ಬಿಷಪ್ ಕೂಡ ಆದರು. ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅವಳು ಕನ್ನಡದಲ್ಲೇ ಓದಬಹುದು. ಕಥೋಲಿಕಳಾದರೆ ಬಾಗಿಲು ಮುಚ್ಚಿದೆ. ಸ್ತ್ರೀಯರಿಗೆ ಗುರುದೀಕ್ಷೆ ಕೊಡುವ ಅಧಿಕಾರವೇ ಸಭೆಗಿಲ್ಲ ಎಂದು ಎರಡನೇ ಜಾನ್ ಪಾಲ್ 1994ರಲ್ಲಿ ಹೇಳಿಬಿಟ್ಟರು. ಆರ್ಥೊಡಾಕ್ಸರಲ್ಲೂ ಇಲ್ಲ. ಕಾನ್ವೆಂಟು ಸೇರಬಹುದು, ಅದು ಬೇರೆಯೇ ಒಂದು ಕರೆ. ಕರೆ ಬರುವುದು ದೇವರಿಂದ, ಒರೆಗೆ ಹಚ್ಚುವುದು ಸಭೆ ಎಂದು ಎಲ್ಲರೂ ಹೇಳುತ್ತಾರೆ. ಅವಳ ವಿಷಯದಲ್ಲಿ ಒರೆಗೆ ಹಚ್ಚುವ ತನಕವೂ ಹೋಗುವುದಿಲ್ಲ.

ಇನ್ನು ತಿರುಗಿ ಬಂದವರು.

ಕಡಬ ಕಡೆಯ ಒಂದು ಮನೆ. ಹೆಸರು ಹಾಕಬೇಡಿ ಎಂದರು, ಯಾವ ಸಭೆ ಎಂದೂ ಹೇಳುವುದಿಲ್ಲ. ದೊಡ್ಡ ಮಗ ಸೆಮಿನರಿಯಲ್ಲಿ ಏಳು ವರ್ಷ ಇದ್ದು ಮರಳಿದ್ದಾನೆ. ಯಾರೂ ಹೊರಗೆ ಹಾಕಿದ್ದಲ್ಲ, ತಾನೇ ರೆಕ್ಟರರ ಹತ್ತಿರ ಹೋಗಿ ಹೇಳಿ ಬಂದದ್ದು. ಬಂದ ಮರುದಿನ ಬೆಳಗಿನ ಜಾವ ಅಪ್ಪ ರಬ್ಬರ್ ಟ್ಯಾಪಿಂಗಿಗೆ ಹೊರಟಾಗ ಅವನೂ ತಲೆಗೆ ಟಾರ್ಚ್ ಕಟ್ಟಿಕೊಂಡು ಹಿಂದೆ ಹೋದ. ಅಪ್ಪ ತೊಗಟೆಗೆ ಓರೆಯಾಗಿ ಕತ್ತಿ ಎಳೆಯುತ್ತ ಮುಂದೆ, ಮಗ ಗೆರಟೆ ಸರಿಮಾಡುತ್ತ ಹಿಂದೆ. ಹಾಲು ಒಟ್ಟು ಮಾಡಿ ತಟ್ಟೆಗೆ ಹೊಯ್ದು ಆಸಿಡ್ ಬೆರೆಸುವಷ್ಟರಲ್ಲಿ ಹತ್ತು ಗಂಟೆ.

“ಅಷ್ಟು ಹೊತ್ತೂ ಅಪ್ಪ ಒಂದು ಮಾತು ಕೇಳಲಿಲ್ಲ. ರೋಲರಿಗೆ ಶೀಟ್ ಕೊಡುವಾಗ, ‘ಕೈ ಒಳಗೆ ಹೋಗದ ಹಾಗೆ ನೋಡು’ ಅಂತ ಅಂದದ್ದು, ಅಷ್ಟೇ” ಎಂದ ಮಗ.

“ಎಂತ ಕೇಳುದು?” ಎಂದರು ಅಮ್ಮ. “ಬಂದದ್ದು ನಮ್ಮ ಮಗ ಅಲ್ವಾ. ನನಗೆ ಬೇಜಾರಾದದ್ದು ಅವನು ಬಂದದ್ದಕ್ಕಲ್ಲ. ಆದಿತ್ಯವಾರ ಪಳ್ಳಿಯಲ್ಲಿ ಒಬ್ಬೊಬ್ಬರೂ ಸಾವಿನ ಮನೆಗೆ ಬಂದ ಹಾಗೆ ಬಂದು ಕೈ ಹಿಡಿದ್ರು, ಅದಕ್ಕೆ.”

ಎರಡು ವರ್ಷ ಕಳೆದರೂ ಅವನಿಗೆ ಮದುವೆ ಪ್ರಸ್ತಾಪ ಬರುವಾಗ ಮೊದಲ ಪ್ರಶ್ನೆ, ಯಾಕೆ ಬಿಟ್ಟದ್ದು, ಏನಾದರೂ ಇತ್ತಾ? ಏನೂ ಇರಲಿಲ್ಲ. ಓದಿದ, ಪ್ರಾರ್ಥಿಸಿದ, ಹಿರಿಯ ಗುರುವೊಬ್ಬರ ಜತೆ ತಿಂಗಳುಗಟ್ಟಲೆ ಮಾತಾಡಿದ, ತನ್ನದಲ್ಲವೆಂದು ಗೊತ್ತಾಯಿತು, ಬಂದ. ಸೆಮಿನರಿ ಇರುವುದೇ ಅದಕ್ಕೆ. 1563ರಲ್ಲಿ ಟ್ರೆಂಟ್ ಮಹಾಸಭೆ ಪ್ರತಿ ಧರ್ಮಪ್ರಾಂತಕ್ಕೂ ಸೆಮಿನರಿ ಇರಲಿ ಎಂದು ಕಟ್ಟಳೆ ಮಾಡಿದ್ದು ಕಲಿಸುವುದಕ್ಕೆ ಮಾತ್ರವಲ್ಲ, ಜರಡಿ ಹಿಡಿಯುವುದಕ್ಕೂ ಹೌದು. ಹೋದವರೆಲ್ಲ ಪಾದ್ರಿಗಳಾಗಿಯೇ ಹೊರಬರುವ ಸೆಮಿನರಿ ಇದ್ದರೆ ನಾನು ಅದನ್ನು ನಂಬಲಾರೆ.

ಮರಳಿದವರಲ್ಲಿ ನಾಡಿಗೆಲ್ಲ ಗೊತ್ತಿರುವ ಹೆಸರು ಜಾರ್ಜ್ ಫರ್ನಾಂಡಿಸ್. ಮಂಗಳೂರಿನ ಹುಡುಗ, ಹುಟ್ಟಿದ್ದು 1930ರಲ್ಲಿ. 16ನೇ ವಯಸ್ಸಿಗೆ ಪಾದ್ರಿಯಾಗಲೆಂದು ಬೆಂಗಳೂರಿನ ಸೇಂಟ್ ಪೀಟರ್ಸ್ ಸೆಮಿನರಿ ಸೇರಿ 19ಕ್ಕೆ ಬಿಟ್ಟರು. ಕಾರಣವನ್ನು ಅವರೇ ಎಷ್ಟೋ ಸಲ ಹೇಳಿಕೊಂಡಿದ್ದಾರೆ: ರೆಕ್ಟರರಿಗೆ ಒಳ್ಳೆಯ ಊಟ, ಎತ್ತರದ ಮೇಜು, ಹುಡುಗರಿಗೆ ಬೇರೆ. ಬೋಧಿಸುವುದಕ್ಕೂ ಬಡಿಸುವುದಕ್ಕೂ ತಾಳೆಯಾಗಲಿಲ್ಲ. ಮುಂಬಯಿಗೆ ಹೋಗಿ ಚೌಪಾಟಿಯ ಬೆಂಚಿನ ಮೇಲೆ ಮಲಗಿದರು, ಕಾರ್ಮಿಕರ ನಾಯಕರಾದರು, 1974ರಲ್ಲಿ ದೇಶದ ರೈಲು ನಿಲ್ಲಿಸಿದರು. ಅವರ ಮುಂದಿನ ರಾಜಕೀಯವನ್ನು ಒಪ್ಪುವುದು ಬಿಡುವುದು ಬೇರೆ ಮಾತು. ಸೆಮಿನರಿಯ ಆ ವರ್ಷಗಳು ಹಾಳಾದವು ಎಂದು ಮಾತ್ರ ಹೇಳಲು ಆಗುವುದಿಲ್ಲ.

ಎಲ್ಲರೂ ಜಾರ್ಜ್ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ನಮ್ಮ ಕಡೆಯ ಶಾಲೆ, ಬ್ಯಾಂಕು, ಸೊಸೈಟಿಗಳಲ್ಲಿ ಸೆಮಿನರಿ ಬಿಟ್ಟು ಬಂದವರು ಸಿಗುತ್ತಾರೆ. ಇಂಗ್ಲಿಷ್ ಚೆನ್ನಾಗಿರುತ್ತದೆ, ಹಾರ್ಮೋನಿಯಂ ಬಾರಿಸುತ್ತಾರೆ, ಸಭೆ ನಿರ್ವಹಣೆ ಸಲೀಸು. ಆ ಕಾಲದ ಬಗ್ಗೆ ಕೇಳಿದರೆ ಮಾತು ಬದಲಿಸುತ್ತಾರೆ.

ಕಥೋಲಿಕ ಸಭೆ 1964ರಿಂದ ಪಾಸ್ಕ (ಈಸ್ಟರ್) ಕಾಲದಲ್ಲಿ ದೈವಕರೆಗಾಗಿ ಪ್ರಾರ್ಥಿಸುವ ಒಂದು ಭಾನುವಾರವನ್ನು ಆಚರಿಸುತ್ತಿದೆ. ಆ ದಿನ ಚರ್ಚಿನ ಬಾಗಿಲಲ್ಲಿ ಸೆಮಿನರಿಗಳ ಪೋಸ್ಟರು, ನಗುಮುಖದ ಹೊಸ ಪಾದ್ರಿಗಳ ಫೋಟೋ. ಯುವ ಗುರುವೊಬ್ಬರು ಬಂದು ಮಕ್ಕಳೊಡನೆ ಮಾತಾಡುತ್ತಾರೆ, ಚಾಕಲೇಟು ಹಂಚುತ್ತಾರೆ, ಯಾರಿಗೆ ಮನಸ್ಸಿದೆ ಕೈ ಎತ್ತಿ ಎನ್ನುತ್ತಾರೆ. ಮನೆಗಳಲ್ಲಿ ಈಗ ಒಂದೋ ಎರಡೋ ಮಕ್ಕಳು, ಎತ್ತುವ ಕೈಗಳು ಕಡಿಮೆ. ಅದೇ ಚರ್ಚಿನ ಹಿಂದಿನ ಬೆಂಚಿನಲ್ಲಿ ಏಳು ವರ್ಷ ಇದ್ದು ಬಂದವನೂ ಕೂತಿರುತ್ತಾನೆ. ಅವನನ್ನೂ ಮುಂದೆ ಕರೆದು ಹತ್ತು ನಿಮಿಷ ಮೈಕು ಕೊಟ್ಟರೆ, ಬೆಳಿಗ್ಗೆ ಎಷ್ಟು ಗಂಟೆಗೆ ಏಳಿಸುತ್ತಾರೆ, ಮನೆ ನೆನಪಾದರೆ ಏನು ಮಾಡುವುದು, ಬೇಡ ಅನಿಸಿದರೆ ಯಾರ ಹತ್ತಿರ ಹೇಳುವುದು ಎಂದು ಹುಡುಗರು ಕೇಳಬಹುದು. ಊಟದ ಮೇಜುಗಳ ವಿಷಯವನ್ನೂ ಕೇಳಲಿ.